ಮೇಗುತಿ ಗುಡ್ಡದ ದುಡ್ಡು

ಕಿಲ್ಲಾ ಓಣಿ, ಬಾಗಲಕೋಟೆ
ತಾ. 11-4-1978

ಗೆಳೆಯ ಚಾಂದಸಾಬನಿಗೆ ಮಲಕಪ್ಪನ ನಮಸ್ಕಾರ.

ಯುಗಾದಿ ಮುಗಿಯಿತು. ಬೇವು ಬೆಲ್ಲ ತಿಂದ ಬಾಯಿಂದಲೇ ಹೇಳುತ್ತೇನೆ, ನಮ್ಮ ಆ ಹಳೆಯ ತಾಮ್ರದ ದುಡ್ಡನ್ನು ನಿನಗೆ ಕಳಿಸಲು ನನಗೆ ಮನಸ್ಸಿರಲಿಲ್ಲ. ಆದರೆ ಮಾತು ಕೊಟ್ಟಾಗಿದೆ. ಈ ಯುಗಾದಿಯಿಂದ ಬರುವ ಯುಗಾದಿಯವರೆಗೆ ನಿನ್ನ ಪಾಳಿ. ಕಡ್ಡಿಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಇಟ್ಟು, ಇಳಕಲ್ಲ ಬಸ್ಸಿನ ಕಂಡಕ್ಟರ್ ಅಂದಪ್ಪನ ಕೈಯಲ್ಲಿ ಕೊಟ್ಟಿದ್ದೇನೆ. ಒಳಗೇನಿದೆ ಎಂದು ಅವನಿಗೆ ಹೇಳಿಲ್ಲ. ಹೇಳಿದ್ದರೆ ಹುನಗುಂದ ಮುಟ್ಟುವುದರೊಳಗೆ ಬಸ್ಸಿನ ಮಂದಿಗೆಲ್ಲ ತೋರಿಸಿಬಿಡುವ ಆಸಾಮಿ ಅವನು.

ಈಗ ಅಸಲು ಮಾತಿಗೆ ಬರುತ್ತೇನೆ. ಮೊನ್ನೆ ಬಾದಾಮಿಯಲ್ಲಿ ನನ್ನ ಬಸ್ಸಿಗೆ ಒಬ್ಬ ಹಿರಿಯರು ಹತ್ತಿದರು. ಚಿಲ್ಲರೆ ಕೊಡುವಾಗ ನನ್ನ ಅಂಗೈಯಲ್ಲಿದ್ದ ತೂತಿನ ಕಾಸು ನೋಡಿ, ನಿಮಗೂ ಈ ಹುಚ್ಚು ಇದೆಯೇ ಎಂದು ಕೇಳಿದರು. ಅವರೂ ನಮ್ಮ ಹಾಗೆ ಹಳೆಯ ದುಡ್ಡು ಕೂಡಿಸುವವರು. ಬಾಗಲಕೋಟೆಯವರೆಗೆ ಅದೇ ಮಾತು. ಲಿಂಬೆಹಣ್ಣಿನ ರಸಕ್ಕೆ ಉಪ್ಪು ಹಾಕಿ ತಿಕ್ಕಿದರೆ ತಾಮ್ರ ಟಂಕಸಾಲೆಯಿಂದ ಈಗ ಬಂದ ಹಾಗಾಗುತ್ತದೆ ಎಂದರು. ಮನೆಗೆ ಬಂದವನೇ ನಿಜಾಮನ ಕಾಲದ ಒಂದು ದುಡ್ಡಿನ ಮೇಲೆ ಮಾಡಿ ನೋಡಿದೆ. ಏನು ಹೊಳಪು ಅಂತೀ! ನಮ್ಮ ಮನೆಯಾಕೆ ಲಗಮವ್ವ ಕೂಡ ಅಡುಗೆಮನೆಯಿಂದ ಬಂದು ನೋಡಿ ಹೋದಳು.

ನಮ್ಮ ದುಡ್ಡಿಗೂ ಹಾಗೆ ಮಾಡೋಣವೇ? ಮೂವತ್ತು ವರ್ಷದಿಂದ ನೀನು ಆನೆ ಎನ್ನುತ್ತೀ, ನಾನು ಹಂದಿ ಎನ್ನುತ್ತೇನೆ. ಮೇಲೆ ಮಣ್ಣು ಗಟ್ಟಿಯಾಗಿ ಕೂತಿರುವುದರಿಂದ ಇಬ್ಬರ ಮಾತೂ ನಡೆದಿದೆ. ತೊಳೆದರೆ ಒಂದೇ ಗಳಿಗೆಯಲ್ಲಿ ತೀರ್ಮಾನ.

ಮೇಗುತಿ ಗುಡ್ಡದ ಇಳಿಜಾರು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರಾತ್ರಿ ಮಳೆ ಹೊಡೆದು ಬೆಳಿಗ್ಗೆ ಮಣ್ಣು ಕೆಂಪಗೆ ಹಸಿಯಾಗಿತ್ತು. ನಮ್ಮ ಕುರಿಮರಿಯ ಗೊರಸು ತಾಗಿ ಅದು ಮೇಲೆ ಬಂತು. ಮೊದಲು ಕಂಡವನು ನಾನು, ಮೊದಲು ಎತ್ತಿದವನು ನೀನು. ಅಲ್ಲೇ ಹೊರಳಾಡಿ ಬಡಿದಾಡಿದೆವು. ನಮ್ಮಪ್ಪ ಕನಕಪ್ಪ ಇಬ್ಬರ ಕಿವಿಯನ್ನೂ ಹಿಂಡಿ, "ಒಂದ ವರ್ಷ ಅವ ಇಟ್ಕೊಳ್ಳಲಿ, ಒಂದ ವರ್ಷ ನೀ ಇಟ್ಕೋ" ಎಂದು ಪಂಚಾಯ್ತಿ ಮುಗಿಸಿದ. ಅಪ್ಪ ಹೋದ. ನಾವು ಐಹೊಳೆ ಬಿಟ್ಟೆವು. ನಾನು ಬಸ್ಸು ಹತ್ತಿದೆ, ನೀನು ಮಗ್ಗಕ್ಕೆ ಇಳಿದೆ. ಅಪ್ಪನ ಮಾತು ಮಾತ್ರ ನಡೆಯುತ್ತಿದೆ.

ನಿನ್ನ ಮನೆಯಾಕೆ ಮೌಲಾಬಿ ತಂಗಿಗೆ ನನ್ನ ನಮಸ್ಕಾರ ತಿಳಿಸು. ತೊಳೆಯುವ ವಿಷಯಕ್ಕೆ ಹೂಂ ಅನ್ನು.

ನಿನ್ನ
ಮಲಕಪ್ಪ


ಇಳಕಲ್ಲ
ತಾ. 23-4-1978

ಲೇ ಮಲಕ್ಯಾ,

ಪತ್ರವನ್ನು ಪುಸ್ತಕದ ಹಾಗೆ ಬರೆಯಬೇಕು ಎಂದು ಸಾಲಿ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರಿಂದ ಇದನ್ನು ಸಭ್ಯ ಭಾಷೆಯಲ್ಲಿ ಬರೆಯುತ್ತಿದ್ದೇನೆ. ನೀನು ಎದುರಿಗಿದ್ದರೆ ಬೇರೆ ಭಾಷೆ ಕೇಳುತ್ತಿದ್ದೆ.

ನಿನ್ನ ಲಿಂಬೆಹಣ್ಣು ನಿನ್ನ ಹತ್ತಿರವೇ ಇರಲಿ. ಹೊಳಪು ಬಂತು ಎಂದು ಕುಣಿದೆಯಲ್ಲ, ಆ ನಿಜಾಮನ ದುಡ್ಡನ್ನು ಒಂದು ತಿಂಗಳು ಬಿಟ್ಟು ನೋಡು. ಹುಳಿ ಒಳಗೆ ಕೂತು ಕಪ್ಪು ಚುಕ್ಕೆ ಎದ್ದಿರುತ್ತವೆ. ಕುರಿಯ ಉಣ್ಣೆ ಅಂದುಕೊಂಡೆಯಾ, ಕತ್ತರಿಸಿದರೆ ಮತ್ತೆ ಬೆಳೆಯುವುದಕ್ಕೆ? ತಾಮ್ರದ ಮೇಲಿನ ಕಂದು ಬಣ್ಣ ಕೊಳೆಯಲ್ಲ, ಅದು ಅದರ ಚರ್ಮ. ನೂರಾರು ವರ್ಷ ಮಣ್ಣಲ್ಲಿ ಮಲಗಿ ಪಡೆದದ್ದು. ಒಂದು ಸಲ ಸುಲಿದರೆ ಹೋಯಿತು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ.

ನಮ್ಮ ಚಿಕ್ಕಪ್ಪ ಸುಭಾನಸಾಬರ ಕಥೆ ಮರೆತೆಯಾ? ಅವರ ಹತ್ತಿರ ಒಂದು ಡಬ್ಬಿ ತುಂಬ ಹಳೆಯ ದುಡ್ಡಿದ್ದವು. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಬೂದಿ ಹಾಕಿ ತಿಕ್ಕಿ ತಿಕ್ಕಿ ಇಟ್ಟರು. ಬಂದವರು ಒಂದನ್ನೂ ಮುಟ್ಟಲಿಲ್ಲ. ಅಕ್ಷರಗಳು ಸವೆದು ಹೋಗಿದ್ದವು. ಚಿಕ್ಕಪ್ಪ ಆಮೇಲೆ ಆ ಡಬ್ಬಿಯನ್ನು ತೆರೆದಿದ್ದನ್ನು ನಾನು ಕಾಣಲಿಲ್ಲ.

ತೊಳೆಯಲೇಬೇಕು ಎಂದರೆ ದಾರಿ ಒಂದೇ. ಮಳೆಯ ನೀರಿನಲ್ಲಿ ನೆನೆಸಬೇಕು. ಆಮೇಲೆ ಕುಸುಬಿ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡಬೇಕು. ಮಣ್ಣು ಮೆತ್ತಗಾದ ಮೇಲೆ ಜಾಲಿಮುಳ್ಳಿನ ತುದಿಯಿಂದ ಕಣಕಣವಾಗಿ ಬಿಡಿಸಬೇಕು, ತಾಮ್ರಕ್ಕೆ ಮುಳ್ಳು ತಾಗದ ಹಾಗೆ. ಅದಕ್ಕೆ ತಾಳ್ಮೆ ಬೇಕು, ಕಣ್ಣು ಬೇಕು. ನಿನಗೆ ತಾಳ್ಮೆ ಇಲ್ಲ. ನನಗೆ ಈಗ ಪುರಸತ್ತಿಲ್ಲ. ಆದ್ದರಿಂದ ಇದ್ದ ಹಾಗೇ ಇರಲಿ.

ಇನ್ನೊಂದು ಮಾತು, ನಗಬೇಡ. ಐಹೊಳೆಯಲ್ಲಿ ನಮ್ಮ ಮನೆ ಬಿದ್ದುಹೋಯಿತು, ನಿಮ್ಮ ಕುರಿದೊಡ್ಡಿಯಲ್ಲಿ ಈಗ ಬೇರೆಯವರ ಮನೆ ಎದ್ದಿದೆ. ನಮ್ಮೂರ ಮಣ್ಣು ಅಂತ ನಮ್ಮ ಹತ್ತಿರ ಉಳಿದಿರುವುದು ಈ ದುಡ್ಡಿಗೆ ಅಂಟಿಕೊಂಡಿರುವಷ್ಟೇ. ಅದನ್ನೂ ತೊಳೆದು ಬಚ್ಚಲಿಗೆ ಬಿಡಬೇಕೇ?

ಮತ್ತೆ ಅದು ಆನೆ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದರೆ ನನಗೆ ಸೊಂಡಿಲು ಸಿಗುತ್ತದೆ. ನಿನ್ನ ಬೆರಳು ಟಿಕೀಟು ಹರಿದು ಹರಿದು ಮೊಂಡಾಗಿವೆ.

ಚಾಂದ


ಇಳಕಲ್ಲ
ತಾ. 2-4-1979

ಮಲಕಪ್ಪನವರಿಗೆ ಚಾಂದಸಾಬ ಮಾಡುವ ಸಲಾಮು.

ಯುಗಾದಿಯಾದ್ದರಿಂದ ನಾಣ್ಯವನ್ನು ಅಂದಪ್ಪನವರ ಕೈಯಲ್ಲಿ ಕಳಿಸಿದ್ದೇವೆ. ನೀವು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹುಳಿ, ಬೂದಿ, ಉಪ್ಪು ಏನನ್ನೂ ತಾಗಿಸಬಾರದು. ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ. ಮಗ್ಗದ ಕೆಲಸ ನಡೆದಿದೆ. ನಿಮ್ಮ ಮನೆಯವರ ಆರೋಗ್ಯದ ಬಗ್ಗೆ ಬರೆಯಿರಿ.

ಇತಿ
ಚಾಂದಸಾಬ


ಬಾಗಲಕೋಟೆ
ತಾ. 19-4-1979

ಮಾನ್ಯ ಶ್ರೀ ಚಾಂದಸಾಬರಿಗೆ,

ತಮ್ಮ ಪತ್ರ ಮುಟ್ಟಿತು. ಮೊದಲು ಬೇರೆ ಯಾರದೋ ಪತ್ರ ನನಗೆ ಬಂದಿದೆ ಎಂದುಕೊಂಡು ಪೋಸ್ಟಿನವನಿಗೆ ವಾಪಸು ಕೊಡಲು ಹೊರಟಿದ್ದೆ. ಅಕ್ಷರ ನಿಮ್ಮದಲ್ಲ. ದುಂಡಗೆ, ಚೆಂದಾಗಿ, ಸರಕಾರಿ ಕಚೇರಿಯ ಹಾಗೆ. ಬರೆಯಲು ಗುಮಾಸ್ತರನ್ನು ಇಟ್ಟುಕೊಂಡಿದ್ದೀರೆಂದು ಕಾಣುತ್ತದೆ. ಇಳಕಲ್ಲ ಸೀರೆಗೆ ಅಷ್ಟು ಗಿರಾಕಿ ಬಂದಿದ್ದರೆ ಸಂತೋಷ.

ನನಗೆ ಸಿಟ್ಟು ಬಂದಿದೆ, ಚಾಂದ. ಬಹುವಚನ ಸಾಕು, ನನ್ನಿಂದಾಗುವುದಿಲ್ಲ. ಹೋದ ವರ್ಷ ಲಿಂಬೆಹಣ್ಣಿನ ಮಾತು ತೆಗೆದೆ ಎಂದು ನೀನು ಇಷ್ಟು ದೂರ ಸರಿದು ಕೂಡುವುದೇ? ನೀನು ಹೇಳಿದ ಹಾಗೆ ನಿಜಾಮನ ದುಡ್ಡಿಗೆ ಕಪ್ಪು ಚುಕ್ಕೆ ಬಿದ್ದವು. ಒಪ್ಪಿದೆ. ಅದಕ್ಕಾದರೂ ಒಂದು ಸಲ "ಲೇ" ಅನ್ನಬಾರದಿತ್ತೇ?

ನಿನಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಕೇಳು. ಈ ಸಲ ದುಡ್ಡನ್ನು ನನ್ನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ನಮ್ಮ ದೇವರ ಜಗಲಿಯ ಮೇಲೆ, ಬೀರಪ್ಪನ ಮಗ್ಗುಲಿಗೆ ಇಟ್ಟಿದ್ದೇನೆ. ಅಲ್ಲಿಟ್ಟ ಸಾಮಾನಿಗೆ ಸ್ನಾನವಿಲ್ಲದೆ ನಾನು ಕೈ ಹಚ್ಚುವುದಿಲ್ಲ, ಲಿಂಬೆಹಣ್ಣು ಹಿಡಿದುಕೊಂಡಂತೂ ಹೋಗುವುದೇ ಇಲ್ಲ. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗವಿಲ್ಲ. ಈಗಲಾದರೂ ನೆಮ್ಮದಿಯಿಂದಿರು.

ಆಲಮಟ್ಟಿ ಕಟ್ಟೆಯ ನೀರು ಬಂದರೆ ನಮ್ಮ ಓಣಿಯೇ ಮುಳುಗುತ್ತದೆಂದು ಇಲ್ಲಿ ಮಾತು ಹಬ್ಬಿದೆ. ಓಣಿ ಮುಳುಗಿದರೂ ಬೀರಪ್ಪನನ್ನು ಎತ್ತಿಕೊಂಡೇ ಹೊರಡುತ್ತೇವೆ, ಸಂಗಡ ನಿನ್ನ ದುಡ್ಡೂ ಬರುತ್ತದೆ.

ಮಲಕಪ್ಪ


ಇಳಕಲ್ಲ
ತಾ. 8-7-1979

ಮಲಕಪ್ಪನವರಿಗೆ ಸಲಾಮು.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ನಮಗೆ ಸಿಟ್ಟೇನೂ ಇಲ್ಲ. ನಾಣ್ಯವನ್ನು ದೇವರ ಹತ್ತಿರ ಇಟ್ಟದ್ದು ಬಹಳ ಒಳ್ಳೆಯದಾಯಿತು.

ಮಗ್ಗದ ಮೇಲೆ ಈಗ ಹೆಚ್ಚಾಗಿ ಮಗಳು ಅಬೇದಾ ಕೂಡುತ್ತಾಳೆ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವನ್ನೂ ಅವಳೇ ಮಾಡುತ್ತಾಳೆ. ನಮ್ಮ ಕೈಯಲ್ಲಿ ಎರಡು ಸೀರೆಗಳ ಎಳೆ ತಪ್ಪಿದವು. ವಯಸ್ಸು.

ಒಂದು ವಿನಂತಿ. ನಾಣ್ಯ ಈಗ ಹೇಗಿದೆ ಎಂಬುದನ್ನು ಪೂರ್ತಿಯಾಗಿ ಬರೆದು ಕಳಿಸಬೇಕು. ಬಣ್ಣ ಎಲ್ಲಿ ಕಂದು, ಎಲ್ಲಿ ಕಪ್ಪು? ಅಂಚಿನ ಹಸಿರು ಎಷ್ಟು ದೂರ ಬಂದಿದೆ? ಮಣ್ಣಿನ ಗಂಟು ಯಾವ ಕಡೆಗೆ ಉಬ್ಬಿದೆ? ಒಂದನ್ನೂ ಬಿಡದೆ ಬರೆಯಿರಿ.

ಇತಿ
ಚಾಂದಸಾಬ


ಬಾಗಲಕೋಟೆ
ತಾ. 3-11-1979

ಚಾಂದಸಾಬನಿಗೆ ನಮಸ್ಕಾರ.

ಉತ್ತರ ಬರೆಯಲು ತಡವಾಯಿತು. ನೀನು ದುಡ್ಡಿನ ಬಣ್ಣ ಕೇಳಿದಾಗ, ತೊಳೆದಿದ್ದೇನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದೀ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಕೆಲಸ ಜಾಸ್ತಿಯಾಯಿತು. ಇಲ್ಲಿ ಮಳೆ ಚೆನ್ನಾಗಿ ಆಯಿತು. ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಎದ್ದಿದೆ. ನಮ್ಮ ಬಸ್ಸಿಗೆ ಹೊಸ ಟಯರು ಹಾಕಿದ್ದಾರೆ. ದೀಪಾವಳಿ ಚೆನ್ನಾಗಿ ಆಯಿತು. ಎಲ್ಲವೂ ಚೆನ್ನಾಗಿದೆ.

ನೀವೆಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಮಲಕಪ್ಪ


ಇಳಕಲ್ಲ
ತಾ. 16-12-1979

ಮಲಕಪ್ಪನವರಿಗೆ ಸಲಾಮು.

ನಿಮ್ಮ ಪತ್ರದಲ್ಲಿ ಮಳೆಯ ಸುದ್ದಿ ಇದೆ, ಜೋಳದ ಸುದ್ದಿ ಇದೆ, ಟಯರಿನ ಸುದ್ದಿ ಇದೆ. ನಾಣ್ಯದ ಸುದ್ದಿ ಒಂದಕ್ಷರವಿಲ್ಲ. ನಾಲ್ಕು ಸಲ ಚೆನ್ನಾಗಿದೆ ಎಂದು ಬರೆದಿದ್ದೀರಿ. ನೀವು ಏನನ್ನೋ ಮುಚ್ಚಿಡುವಾಗ ಹೀಗೆಯೇ ಮಾತಾಡುವವರು. ಸಣ್ಣವರಿದ್ದಾಗ ನಮ್ಮ ಪೇರಲಗಿಡದ ಹಣ್ಣು ಕದ್ದ ದಿನ ನಮ್ಮ ಅಮ್ಮನ ಮುಂದೆ ನಿಂತು ಮಳೆಯ ವಿಷಯ ಮಾತಾಡಿದ್ದಿರಿ. ನಾಣ್ಯ ಕಳೆದಿದೆಯೇ? ಇದ್ದದ್ದು ಇದ್ದ ಹಾಗೆ ಬರೆಯಿರಿ.

ಕಾಕಾ, ಇಲ್ಲಿಂದ ಮುಂದಿನದು ಅಬ್ಬಾ ಹೇಳಿದ್ದಲ್ಲ. ನಾನು ಅಬೇದಾ. ಹೋದ ಯುಗಾದಿಯಿಂದ ಪತ್ರ ಬರೆಯುತ್ತಿರುವ ಗುಮಾಸ್ತೆ ನಾನೇ. ಅಬ್ಬಾ ಈಗಲೂ "ಲೇ ಮಲಕ್ಯಾ" ಎಂದೇ ಶುರು ಮಾಡುತ್ತಾರೆ. ನಿಮಗೆ ನಾನು ಅದನ್ನು ಹೇಗೆ ಬರೆಯಲಿ? ಎಲ್ಲವನ್ನೂ ಮರ್ಯಾದೆಗೆ ತಿರುಗಿಸಿ ಬರೆದೆ. ಅದರಿಂದ ನಿಮಗೆ ನೋವಾಯಿತು, ಮಾಫ್ ಮಾಡಬೇಕು.

ಅಬ್ಬಾನ ಕಣ್ಣು ಹೋಗುತ್ತಿವೆ. ಎರಡು ವರ್ಷವಾಯಿತು, ಮೊದಲು ನಮಗೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಬೆಳಗಾವಿಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಇದು ಪೊರೆಯಲ್ಲ, ಕಣ್ಣಿನ ನರ ಒಣಗಿದೆ, ಆಪರೇಶನ್ನಿನಿಂದ ಆಗುವುದಿಲ್ಲ ಎಂದರು. ಹೋಗುವಾಗ ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿದೆವು. ನಿಮ್ಮ ಬಸ್ಸು ಎದುರಿಗೇ ನಿಂತಿತ್ತು. ನೀವು "ಬದಾಮಿ, ಬದಾಮಿ, ಲಗೂ ಬರ್ರಿ" ಎಂದು ಕೂಗುತ್ತಿದ್ದಿರಿ. ನಾನು ಎದ್ದೆ. ಅಬ್ಬಾ ನನ್ನ ಕೈ ಹಿಡಿದು ಕೂಡಿಸಿ, ತಲೆಯ ಮೇಲೆ ಟವೆಲ್ ಹೊದ್ದುಕೊಂಡರು. ನಿಮ್ಮ ಬಸ್ಸು ಹೋಗುವವರೆಗೂ ತೆಗೆಯಲಿಲ್ಲ.

ಬೆಳಕು ಪೂರ್ತಿ ಹೋಗುವ ಮೊದಲು ದುಡ್ಡನ್ನು ಒಂದು ಸಲ ನೋಡಬೇಕು, ಆ ಮಣ್ಣಿನೊಳಗೆ ಆನೆ ಕಂಡರೂ ಕಾಣಬಹುದು ಎಂದು ಆಸೆ ಇಟ್ಟುಕೊಂಡಿದ್ದಾರೆ. ನಿಮ್ಮ ವರ್ಷದಲ್ಲಿ ಕೇಳಬಾರದು ಎಂದು ಕೇಳುವುದಿಲ್ಲ. ಯುಗಾದಿಯವರೆಗೆ ಕಾಯಬೇಡಿ ಕಾಕಾ. ಇಷ್ಟು ಹೊತ್ತು ಏನು ಬರೆಯುತ್ತಿದ್ದೀ ಎಂದು ಕೇಳುತ್ತಿದ್ದಾರೆ. ಪೆನ್ನಿನಲ್ಲಿ ಶಾಯಿ ಇಳಿಯುತ್ತಿಲ್ಲ ಎಂದಿದ್ದೇನೆ.


ಬಾಗಲಕೋಟೆ
ತಾ. 5-1-1980

ಚಾಂದ,

ಅಬೇದಾಗೆ ಬೈಯಬೇಡ. ಈ ಪತ್ರವನ್ನು ನಿನಗೆ ಓದಿ ಹೇಳಬೇಕಾದವಳು ಅವಳೇ, ಅದಕ್ಕೆ ಮೊದಲೇ ಹೇಳುತ್ತಿದ್ದೇನೆ. ಅವಳು ನನಗೆ ಎಲ್ಲ ಬರೆದಳು.

ತಲೆಯ ಮೇಲೆ ಟವೆಲ್ ಹೊದ್ದು ಕೂತೆಯಾ? ನನ್ನಿಂದ ಮುಖ ಮರೆಸಿಕೊಂಡೆಯಾ? ಆ ದಿನ ನಾನು ಊರ ಮಂದಿಯನ್ನೆಲ್ಲ ಬರ್ರಿ ಬರ್ರಿ ಎಂದು ಕರೆದಿದ್ದೇನೆ, ನಿನ್ನೊಬ್ಬನನ್ನು ಬಿಟ್ಟು. ನಿನಗೆ ಕಣ್ಣು ಕಾಣುವುದಿಲ್ಲ ಎಂದರೆ ನಾನು ನಗುತ್ತಿದ್ದೆನೇ? ನಿನ್ನ ಕೈ ಹಿಡಿದು ಬೆಳಗಾವಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಕೊಡಿಸುತ್ತಿದ್ದೆ. ಅಷ್ಟಾದರೂ ನನ್ನ ಕೈಯಲ್ಲಿತ್ತು.

ಈಗ ದುಡ್ಡಿನ ವಿಷಯ. ಕಳೆದಿಲ್ಲ. ಕಳೆದಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ದೀಪಾವಳಿಯ ನೀರು ತುಂಬುವ ದಿನ ಜಗಲಿಯ ಸಾಮಾನುಗಳನ್ನೆಲ್ಲ ಬೆಳಗುವುದು ನಮ್ಮ ಮನೆಯ ಪದ್ಧತಿ. ಬೀರಪ್ಪನ ಮುಖ, ಗಂಟೆ, ತಂಬಿಗೆ, ಆರತಿಯ ತಟ್ಟೆ, ಯಾವುದೂ ಉಳಿಯುವಂತಿಲ್ಲ. ನಮ್ಮ ಅವ್ವ ಮಾಡುತ್ತಿದ್ದಳು, ಈಗ ಲಗಮವ್ವ ಮಾಡುತ್ತಾಳೆ. ಹುಟ್ಟಿದಾಗಿನಿಂದ ನೋಡಿದ ನನಗೆ ಅದು ನೆನಪಾಗಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅವಳು ಅಂಗಳದಲ್ಲಿ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇಟ್ಟುಕೊಂಡು ಕೂತಿದ್ದಳು. ಅವಳ ಕೈಯಲ್ಲಿ ಏನೋ ಕೆಂಪಗೆ ಹೊಳೆಯಿತು.

ನಾನು ಚೀರಿದ್ದಕ್ಕೆ ಪಕ್ಕದ ಮನೆಯ ನೀಲಾಬಾಯಿ ಯಾರು ಬಿದ್ದರೋ ಎಂದು ಓಡಿ ಬಂದಳು. ಲಗಮವ್ವ ಮೊದಲು ಬೆಚ್ಚಿದಳು. ಆಮೇಲೆ ದುಡ್ಡನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತಳು.

"ಜಗಲಿ ಮ್ಯಾಲೆ ಇಟ್ಟದ್ದು ದೇವರ್ದು. ಹಬ್ಬದಾಗ ಬೀರಪ್ಪನ ಮುಂದ ಒಂದ ಸಾಮಾನು ಹೊಲಸ ಇಡ್ಲೇನು? ತಿಕ್ಕಬಾರದ್ದನ್ನ ಅಲ್ಲ್ಯಾಕ ಇಟ್ರಿ?"

ಅವಳ ಮಾತು ಖರೆ. ಭದ್ರ ಎಂದು ನಾನು ಹುಡುಕಿದ ಜಾಗವೇ ಅದಕ್ಕೆ ಮುಳುವಾಯಿತು. ನಿನಗೆ ನಂಬಿಕೆ ಬರಲಿ ಎಂದು ಅಲ್ಲಿಟ್ಟಿದ್ದು. ಪೆಟ್ಟಿಗೆಯಲ್ಲಿ ಬಿದ್ದಿದ್ದರೆ ಇನ್ನೂ ಹಾಗೇ ಇರುತ್ತಿತ್ತು.

ಐಹೊಳೆಯ ಮಣ್ಣು ನಮ್ಮ ಅಂಗಳದ ಮೋರಿಯಲ್ಲಿ ಹರಿದು ಹೋಯಿತು, ಚಾಂದ. ನೀನು ಚರ್ಮ ಎಂದೆಯಲ್ಲ, ಅದೂ ಹೋಯಿತು. ಆ ಹಿರಿಯರು ಹೇಳಿದ ಹಾಗೆ ಟಂಕಸಾಲೆಯಿಂದ ಈಗ ಬಂದಂತಿದೆ. ನೋಡಿದರೆ ನಮ್ಮದು ಅನ್ನಿಸುವುದಿಲ್ಲ. ಲಗಮವ್ವ ಹಬ್ಬದ ದಿನ ಅದಕ್ಕೆ ಭಂಡಾರ ಹಚ್ಚಿ ಪೂಜೆ ಮಾಡಿದಳು, ಅಲ್ಲಲ್ಲಿ ಅರಿಶಿಣ ಉಳಿದಿದೆ.

ಮಣ್ಣಿನ ಕೆಳಗೆ ಏನಿತ್ತು ಎಂದು ನಾನು ಬರೆಯುವುದಿಲ್ಲ. ನೀನೇ ನೋಡು. ಕಣ್ಣಲ್ಲಿ ಬೆಳಕಿರುವಾಗ ಮುಟ್ಟಲಿ ಎಂದು ನಾಳೆಯೇ ಅಂದಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನೇ ತರಬೇಕಾಗಿತ್ತು. ನೀನು ಅದನ್ನು ಕೈಗೆ ತೆಗೆದುಕೊಳ್ಳುವಾಗ ಎದುರಿಗೆ ಕೂಡುವ ಧೈರ್ಯ ನನಗಿಲ್ಲ.

ಲಗಮವ್ವ ಇದನ್ನು ಬರೆಯಲೇಬೇಕು ಎಂದು ಬಾಗಿಲಲ್ಲಿ ನಿಂತಿದ್ದಾಳೆ. "ಚಾಂದಣ್ಣಗ ಹೇಳ್ರಿ, ನೀವಿಬ್ಬರು ಮೂವತ್ತು ವರ್ಷ ಬಡದಾಡಿದ್ದನ್ನ ನಾ ಒಂದ ಚಿಟಿಕಿ ಬೂದ್ಯಾಗ ಮುಗಿಸೇನಿ. ಬೈಯೋದಿದ್ರ ನನಗ ಬೈಯಲಿ, ಇವರಿಗೆ ಬ್ಯಾಡ. ಇವರು ಉಣ್ಣೂದ ಬಿಟ್ಟಾರ."

ಉಣ್ಣುವುದನ್ನು ಬಿಟ್ಟಿಲ್ಲ. ಕಡಿಮೆ ಮಾಡಿದ್ದೇನೆ.

ನಿನ್ನ
ಮಲಕ್ಯಾ


ಇಳಕಲ್ಲ
ತಾ. 10-2-1980

ಲೇ ಮಲಕ್ಯಾ,

(ಕಾಕಾ, ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎಂದು ಅಬ್ಬಾ ಆಣೆ ಹಾಕಿದ್ದಾರೆ. ಮಾಫ್ ಮಾಡಿ. ಅಬೇದಾ.)

ನಿನ್ನ ಪತ್ರವನ್ನು ಮಗಳು ಎರಡು ಸಲ ಓದಿದಳು. ಮೊದಲ ಸಲ ಹುಣಸೆಹಣ್ಣಿನವರೆಗೆ ಬಂದಾಗ ನಾನು ಎದ್ದು ಹೊರಗೆ ಹೋದೆ. ನಿನಗೆ ಬೈದೆ. ಮೌಲಾಬಿ ಕಿವಿ ಮುಚ್ಚಿಕೊಂಡಳು. ಏನು ಬೈದೆ ಎಂದು ಹೇಳಿದರೂ ಅಬೇದಾ ಬರೆಯಲೊಲ್ಲಳು, ನೀನೇ ಊಹಿಸಿಕೋ. ಕಡ್ಡಿಪೆಟ್ಟಿಗೆಯನ್ನು ನಾನು ತೆರೆಯಲಿಲ್ಲ. ಗೋಡೆಯ ಮಾಡದಲ್ಲಿ ಇಟ್ಟುಬಿಟ್ಟೆ. ಚಿಕ್ಕಪ್ಪ ಸುಭಾನಸಾಬರ ಡಬ್ಬಿಯ ಗತಿಯೇ ಇದಕ್ಕೂ ಎಂದುಕೊಂಡೆ. ಅದು ಅಲ್ಲೇ ಇಷ್ಟು ದಿನ ಇತ್ತು, ಅದಕ್ಕೇ ನಿನಗೆ ಪತ್ರ ಬರಲಿಲ್ಲ.

ನಿನ್ನೆ ಮೌಲಾಬಿ ಅದನ್ನು ತೆಗೆದು ನನ್ನ ಕೈಯಲ್ಲಿಟ್ಟಳು. ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದೆ. ಮಲಕ್ಯಾ, ನೀನು ತಡ ಮಾಡಿದೆ, ನಾನೂ ತಡ ಮಾಡಿದೆ. ಏನೋ ಹೊಳೆಯುತ್ತಿದೆ ಎಂದಷ್ಟೇ ಗೊತ್ತಾಯಿತು. ಅದರ ಮೇಲೆ ಆನೆಯಿದೆಯೋ ಹಂದಿಯಿದೆಯೋ, ಕಣ್ಣಿಗೆ ಸಿಗಲಿಲ್ಲ. ಬಾಗಿಲಲ್ಲೇ ಕೂತೆ. ನನಗೆ ಅಳು ಬಂತು, ಬರೆ ಅಬೇದಾ, ಮುಚ್ಚಿಡುವುದೇನಿದೆ.

ಕೂತು ಏನು ಮಾಡುವುದು, ರೂಢಿಯ ಹಾಗೆ ಹೆಬ್ಬೆರಳು ಆಡಿಸಿದೆ. ಮೊದಲು ಮೂಗಿಗೆ ಭಂಡಾರದ ವಾಸನೆ ಬಂತು. ನಿಮ್ಮ ಅವ್ವ ನಮಗಿಬ್ಬರಿಗೂ ಹಣೆಗೆ ಬಳಿದು ಸಾಲಿಗೆ ಕಳಿಸುತ್ತಿದ್ದಳಲ್ಲ, ಅದೇ ವಾಸನೆ. ಆಮೇಲೆ ಬೆರಳಿಗೆ ಒಂದು ಕಾಲು ಸಿಕ್ಕಿತು. ದಪ್ಪ ಕಾಲು. ಅದರ ಹಿಂದೆ ಇನ್ನೊಂದು. ಮೇಲೆ ಹೋದರೆ ಹೊಟ್ಟೆ, ಬೆನ್ನು. ಎಡಕ್ಕೆ ತಲೆ. ತಲೆಯಿಂದ ಒಂದು ಗೆರೆ ಕೆಳಗಿಳಿದು ಮತ್ತೆ ಮೇಲಕ್ಕೆ ಡೊಂಕಾಗಿದೆ. ಇವು ಜೀವಮಾನವಿಡೀ ಎಳೆ ಬಿಡಿಸಿದ ಬೆರಳು. ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಅವಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬಾಲವೂ ಇದೆ. ಕೊನೆಗೆ ಸಣ್ಣ ದಂತವೂ ಸಿಕ್ಕಿತು. ನಾನು ಜೋರಾಗಿ ನಕ್ಕೆನಂತೆ, ಓಣಿಯ ಮಂದಿ ತಿರುಗಿ ನೋಡಿದರಂತೆ.

ಹಿಂದೆ ನಿನಗೆ ಸೊಂಡಿಲು ಬೆರಳಿಗೆ ಸಿಗುತ್ತದೆ ಎಂದು ಬರೆದಿದ್ದೆ. ಸುಳ್ಳು. ಆ ಮಣ್ಣಿನಲ್ಲಿ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಮೊದಲು ಆನೆ ಎಂದುಬಿಟ್ಟಿದ್ದೆ, ಬಿಡಲಾಗಲಿಲ್ಲ ಅಷ್ಟೇ. ತಂಗಿ ಲಗಮವ್ವ ತಿಕ್ಕದೆ ಹೋಗಿದ್ದರೆ ಈ ಜನ್ಮದಲ್ಲಿ ನಾನು ಅದನ್ನು ಕಾಣುತ್ತಿರಲಿಲ್ಲ. ಕಣ್ಣಿದ್ದಾಗ ಕಾಣಲಿಲ್ಲ, ಹೋದ ಮೇಲೆ ಕಂಡೆ. ಅವಳಿಗೆ ಒಂದು ಗುಳೇದಗುಡ್ಡದ ಖಣ ತರಿಸಿ ಅಂದಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅಣ್ಣ ಕೊಟ್ಟದ್ದು ಎಂದು ಹೊಲಿಸಿಕೊಳ್ಳಲಿ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹುಣಸೆಹಣ್ಣಿಗಲ್ಲ. ದೀಪಾವಳಿಯ ದಿನವೇ ನಿನಗೆ ಆನೆ ಕಂಡಿತ್ತು. "ನೀ ಗೆದ್ದಿ" ಎಂದು ಒಂದು ಕಾರ್ಡು ಬರೆಯುವುದಕ್ಕೆ ನಿನ್ನ ಕೈ ಏಳಲಿಲ್ಲ. ನಾನೇ ನೋಡಲಿ ಎಂದು ಬಿಟ್ಟೆನೆಂದು ಹೇಳಬೇಡ. ಸೋತದ್ದನ್ನು ಒಪ್ಪಲು ನಿನಗೆ ನಾಚಿಕೆ.

ಆದರೆ ಗೆದ್ದ ಮೇಲೆ ನಿನ್ನೆಯಿಂದ ಒಂದು ಥರ ಖಾಲಿ ಖಾಲಿ ಅನ್ನಿಸುತ್ತಿದೆ. ಆನೆ ಎಂದು ಗೊತ್ತಾಯಿತು, ಮುಗಿಯಿತು. ಇನ್ನು ಮೇಲೆ ನಾವು ಏನೆಂದು ಪತ್ರ ಬರೆಯುವುದು? ಟಯರಿನ ಸುದ್ದಿಯೇ?

ಕೆಳಗಿನ ಸಾಲನ್ನು ಅಬ್ಬಾ ಪೆನ್ನು ಕಸಿದುಕೊಂಡು ತಾವೇ ಬರೆದಿದ್ದಾರೆ, ಕಾಕಾ. ಅಕ್ಷರ ಒಂದರ ಮೇಲೊಂದು ಹತ್ತಿವೆ, ಓದಿಕೊಳ್ಳಬೇಕು.

ಆನಿ ಲೇ ಮಲಕ್ಯಾ. ಆನಿ.


ಬಾಗಲಕೋಟೆ
ತಾ. 18-3-1980

ಲೇ ಚಾಂದ,

ನಿನ್ನೆ ಯುಗಾದಿ. ಲಗಮವ್ವ ನಿನ್ನ ಖಣದ ಕುಪ್ಪಸ ಹೊಲಿಸಿಕೊಂಡು ತೊಟ್ಟಳು. ಓಣಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಅಣ್ಣ ಕಳಿಸಿದ್ದು ಎಂದು ಹೇಳಿ ಬಂದಳು. ಬೀರಪ್ಪನ ಜಗಲಿಯ ಮೇಲೆ ದುಡ್ಡಿದ್ದ ಜಾಗ ಖಾಲಿಯಿದೆ.

ನೀನು ಕೈಯಾರೆ ಬರೆದ ಸಾಲನ್ನು ಬಸ್ಸಿನ ಟಿಕೀಟಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಸರಿ, ಒಪ್ಪಿದೆ. ಆನೆ. ನೀನು ಗೆದ್ದೆ. ದೀಪಾವಳಿಯಲ್ಲೇ ಬರೆಯಬೇಕಿತ್ತು, ನಾಚಿಕೆಯಾಗಿದ್ದು ನಿಜ. ಈಗ ಬರೆದಿದ್ದೇನೆ, ಇದನ್ನು ಅಬೇದಾ ಎಷ್ಟು ಸಲ ಬೇಕಾದರೂ ಓದಿ ಹೇಳಲಿ. ಈ ವರ್ಷ ಹೇಗೂ ನಿನ್ನದು. ಮುಂದಿನ ವರ್ಷದ ನನ್ನ ಪಾಳಿಯನ್ನೂ ನೀನೇ ಇಟ್ಟುಕೋ, ಅದರ ಮುಂದಿನದನ್ನೂ. ಅಪ್ಪ ಇದ್ದಿದ್ದರೆ ಇದಕ್ಕೆ ಬೇಡ ಅನ್ನುತ್ತಿರಲಿಲ್ಲ.

ಬರುವ ಸೋಮವಾರ ನನ್ನ ರಜೆ. ಅಂದಪ್ಪನ ಬಸ್ಸಿಗೆ ಬರುತ್ತೇನೆ. ಹುನಗುಂದ ದಾಟಿದ ಮೇಲೆ ನಿದ್ದೆ ಮಾಡದೆ ಕೂತಿರುತ್ತೇನೆ. ಸ್ಟ್ಯಾಂಡಿಗೆ ಅಬೇದಾಳನ್ನು ಕರೆದುಕೊಂಡು ಬಾ. ಟವೆಲ್ ಮನೆಯಲ್ಲಿ ಬಿಟ್ಟು ಬಾ.

ಇನ್ನು ಏನೆಂದು ಪತ್ರ ಬರೆಯುವುದು ಎಂದು ಕೇಳಿದೆಯಲ್ಲ. ಗೆದ್ದ ಖುಷಿಯಲ್ಲಿ ನೀನು ದುಡ್ಡನ್ನು ಮಗುಚಿ ನೋಡಲಿಲ್ಲವೇನು? ಆ ದಿನ ಲಗಮವ್ವ ಒಂದು ಮಗ್ಗುಲು ತಿಕ್ಕಿ, ಇನ್ನೊಂದು ಮಗ್ಗುಲಿಗೆ ಬೂದಿ ಹಾಕುವಾಗಲೇ ನಾನು ಚೀರಿದ್ದು. ಹಿಂದಿನ ಮಗ್ಗುಲಿಗೆ ನಾರು ತಾಗಿಲ್ಲ. ಅಲ್ಲಿ ಐಹೊಳೆಯ ಮಣ್ಣು ಹಾಗೇ ಇದೆ, ಹಸಿರು ಹಾಗೇ ಇದೆ, ನೀನು ಹೇಳುವ ಚರ್ಮವೂ ಇದೆ. ಇಡೀ ಚಳಿಗಾಲ ನಾನು ಹೊಳೆಯುವ ಮಗ್ಗುಲನ್ನೇ ನೋಡಿ ಕೊರಗಿದೆ. ನನಗೂ ಇದು ಹೊಳೆದದ್ದು ನಿನ್ನ ಪತ್ರ ಓದಿದ ಮೇಲೆಯೇ.

"ಆ ಕಡಿನೂ ಬೆಳಗಿ ಕೊಡ್ಲೇನು ಅಣ್ಣಗ?" ಎಂದು ಲಗಮವ್ವ ಕೇಳಿದಳು. ಬೇಡ ಎಂದೆ. ನಮ್ಮಿಬ್ಬರ ಕಾಲ ಮುಗಿಯುವವರೆಗೆ ಆ ಮಗ್ಗುಲಿಗೆ ಲಿಂಬೆಯಿಲ್ಲ, ಹುಣಸೆಯಿಲ್ಲ, ಕುಸುಬಿ ಎಣ್ಣೆಯೂ ಇಲ್ಲ. ಮೌಲಾಬಿ ತಂಗಿಗೂ ಈಗಲೇ ಹೇಳಿಡು.

ಈಗ ಅದನ್ನು ಮಗುಚಿ ಹೆಬ್ಬೆರಳು ಆಡಿಸು. ಈ ಸಲ ಮೊದಲು ಹೇಳಿದವನು ನಾನು, ನೆನಪಿರಲಿ.

ಅದು ನವಿಲ ಲೇ. ಅಲ್ಲ ಅನ್ನು, ನೋಡೂಣು.

ನಿನ್ನ
ಮಲಕ್ಯಾ